ಸಂಜೆಗೆ ಕೆಡುತ್ತಿದ್ದ ಬೆಲ್

ಆ ಗೇಟಿಗೆ ನಾನು ವಿಡಿಯೋ ಬೆಲ್ ಹಾಕಿದ್ದು ಒಂದು ಗುರುವಾರದ ಮಧ್ಯಾಹ್ನ. ಮಧ್ಯಾಹ್ನ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಬೆಳಕಿರುವಾಗ ಹಾಕಿದೆ, ಬೆಳಕಿರುವಾಗಲೇ ಪರೀಕ್ಷೆ ಮಾಡಿದೆ, ಬೆಳಕಿರುವಾಗಲೇ ಸ್ಕೂಟರ್ ಹತ್ತಿ ಹಲಸೂರಿನ ನನ್ನ ಮನೆಗೆ ಹೊರಟೆ.

ಮನೆ ಇದ್ದದ್ದು ಲಿಂಗರಾಜಪುರದ ಒಂದು ಅಡ್ಡರಸ್ತೆಯಲ್ಲಿ. ಕೆಳಗೆ ಓನರ್, ಮೊದಲ ಮಹಡಿಯಲ್ಲಿ ಬಾಡಿಗೆಗೆ ಗಂಡ ಹೆಂಡತಿ. ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಗಂಡ ಶಿವಾಜಿನಗರದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕೆಲಸ ಮಾಡುತ್ತಿದ್ದರು. ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು, ಮದುವೆಯ ಬ್ಲೌಸಿಗೆ ಆರಿ ವರ್ಕ್ ಕಸೂತಿ ಮಾಡುತ್ತಿದ್ದರು. ಬೆನ್ಸನ್ ಟೌನಿನ ನನ್ನ ಗಿರಾಕಿಯೊಬ್ಬರು ಅವರ ಹತ್ತಿರ ಬ್ಲೌಸ್ ಹೊಲಿಸುತ್ತಿದ್ದರಂತೆ, ಅವರು ನನ್ನ ನಂಬರ್ ಕೊಟ್ಟಿದ್ದರು. ಕೆಲಸದ ಮಾತೆಲ್ಲ ಮೆಸೇಜಿನಲ್ಲೇ ಆಯಿತು.

ಅಲ್ಲಿಯವರೆಗೆ ಅವರ ಮನೆಗೆ ಬೆಲ್ ಅಂದರೆ ಒಂದು ಹಗ್ಗ. ಗೇಟಿನ ಹತ್ತಿರ ಹಗ್ಗದ ತುದಿ ನೇತಾಡುತ್ತಿತ್ತು. ಎಳೆದರೆ ಮೇಲೆ ಹೊಲಿಗೆ ಮಿಷಿನ್ನಿನ ಎದುರಿಗೆ ಕಟ್ಟಿದ್ದ ಕೆಂಪು ಬಟ್ಟೆ ಅಲ್ಲಾಡುತ್ತಿತ್ತು. ಅಡುಗೆಮನೆಯಲ್ಲಿದ್ದರೆ ಅದು ಕಾಣುತ್ತಿರಲಿಲ್ಲ. ಯಾರು ಬಂದಿದ್ದಾರೆ ಎಂದು ತಿಳಿಯಲು ಪ್ರತಿ ಸಲವೂ ಮೆಟ್ಟಿಲಿಳಿಯಬೇಕಿತ್ತು. ಆಕೆಗೆ ಬೇಕಾಗಿದ್ದದ್ದು ಇಷ್ಟು: ಗೇಟಿನಲ್ಲಿ ಬೆಲ್ ಒತ್ತಿದರೆ ಮನೆಯ ಮೂರು ಕಡೆ ಬಲ್ಬು ಮಿನುಗಬೇಕು, ಫೋನ್ ನಡುಗಬೇಕು, ಬಂದವರ ಮುಖ ಫೋನಿನಲ್ಲಿ ಕಾಣಬೇಕು.

ಇಂಥ ಬೆಲ್ಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡುವಂತಿಲ್ಲ. ಮೀಟರ್ ಬೋರ್ಡಿನ ಹತ್ತಿರ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸಿ, ವೋಲ್ಟೇಜ್ ಇಳಿಸಿ, ಅಲ್ಲಿಂದ ಗೇಟಿನವರೆಗೆ ವೈರ್ ಎಳೆಯಬೇಕು. ಕನಿಷ್ಠ ಹದಿನಾರು ವೋಲ್ಟ್ ಬೇಕೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಆ ಮನೆಯಲ್ಲಿ ಬೋರ್ಡು ಹಿಂದಿನ ಮೂಲೆಯಲ್ಲಿತ್ತು, ಗೇಟು ಮುಂದೆ. ಗೋಡೆಯೊಳಗೆ ಯಾವ ಕಾಲದಲ್ಲೋ ಹಾಕಿದ ಕೂದಲೆಳೆಯಂಥ ಬೆಲ್ ವೈರ್ ಇತ್ತು. ಅಷ್ಟು ದೂರಕ್ಕೆ ಅದು ಸಾಲದು, ದಪ್ಪ ಕೇಬಲನ್ನೇ ಹೊಸದಾಗಿ ಎಳೆಯಬೇಕು ಎಂದು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು.

ಓನರ್ ಕೆಳಗೆ ನಿಂತಿದ್ದರು. ಈಗ ತಾನೇ ಪೇಂಟ್ ಮಾಡಿಸಿದ್ದೇನೆ, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ ಎಂದರು. ನಾನು ಒಂದು ಮಾತೂ ವಾದಿಸಲಿಲ್ಲ. ಕಾಂಪೌಂಡಿನ ಬುಡದಲ್ಲಿ ಪೈಪ್ ಹಾಕಿ ಕೇಬಲ್ ತರಬಹುದಿತ್ತು, ಅರ್ಧ ದಿನದ ಕೆಲಸ. ನಿಜ ಹೇಳಬೇಕೆಂದರೆ ಓನರ್ ಬೇಡ ಅಂದದ್ದು ನನಗೂ ಅನುಕೂಲವೇ ಆಯಿತು. ಹಳೆಯ ವೈರಿಗೇ ಬೆಲ್ ಸಿಕ್ಕಿಸಿದೆ. ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಿದೆ, ಹದಿನೈದು ಚಿಲ್ಲರೆ ತೋರಿಸಿತು. ಆ್ಯಪಿನಲ್ಲಿ ವೋಲ್ಟೇಜ್ ಎಂಬ ಕಡೆ ಹಸಿರು ಬರಬೇಕಿತ್ತು, ಹಳದಿ ಬಂತು. ಬೆಲ್ ಮಾತ್ರ ಕೆಲಸ ಮಾಡುತ್ತಿತ್ತು. ಹಳದಿ ಬಂದರೂ ನಡೆಯುತ್ತದೆ ಎಂದು ಮುಂದಿನ ಕೆಲಸಕ್ಕೆ ಹೋದೆ.

ಅಡುಗೆಮನೆ, ಮಲಗುವ ಕೋಣೆ, ಹೊಲಿಗೆ ಕೋಣೆ ಮೂರಕ್ಕೂ ವೈಫೈ ಬಲ್ಬ್ ಹಾಕಿ ಬೆಲ್ಲಿಗೆ ಜೋಡಿಸಿದೆ. ಕೆಳಗೆ ಹೋಗಿ ಒತ್ತಿದೆ. ಮೇಲೆ ಬಂದು ನೋಡಿದರೆ ಆಕೆ ಕೋಣೆಯ ನಡುವೆ ನಿಂತು ಮಿನುಗುವ ಬಲ್ಬನ್ನೇ ನೋಡುತ್ತಿದ್ದರು. ಆಮೇಲೆ ತಾವೇ ಕೆಳಗಿಳಿದು ಹೋಗಿ ನಾಲ್ಕೈದು ಸಲ ಒತ್ತಿದರು. ನಾನು ಮೇಲಿನಿಂದ ಕೈ ಎತ್ತಿ ಬಂತು, ಬಂತು ಎಂದು ತೋರಿಸುತ್ತಿದ್ದೆ. ಫೋನಿನಲ್ಲಿ ಅವರ ನಗುವ ಮುಖ ಕಾಣುತ್ತಿತ್ತು. ಹೊರಡುವ ಮುಂಚೆ ಆ ಹಗ್ಗವನ್ನೂ ಬಿಚ್ಚಿ ಸುತ್ತಿ ಕೊಟ್ಟೆ, ಇನ್ನು ಬೇಕಾಗಿಲ್ಲ ಎಂದು. ಮುಂದೆ ಏನಾದರೂ ತೊಂದರೆಯಾದರೆ ದೂರದಿಂದಲೇ ನೋಡಲಿಕ್ಕೆ ಇರಲಿ ಎಂದು, ಅವರ ಒಪ್ಪಿಗೆ ಪಡೆದು ಆ್ಯಪನ್ನು ನನ್ನ ಫೋನಿಗೂ ಸೇರಿಸಿಕೊಂಡೆ.

ಎರಡು ವಾರ ಯಾವ ದೂರೂ ಬರಲಿಲ್ಲ. ಬ್ಲೌಸಿಗೆ ಬರುವವರೆಲ್ಲ ಹಗಲಿನಲ್ಲೇ ಬರುತ್ತಿದ್ದರು. ಗಂಡನ ಹತ್ತಿರ ಗೇಟಿನ ಬೀಗದ ಕೈ ಇತ್ತು. ಸಂಜೆಯ ಮೇಲೆ ಆ ಬೆಲ್ ಒತ್ತುವವರೇ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಆಕೆಯ ಮೆಸೇಜ್ ಬಂತು. ನಿನ್ನೆ ಸಂಜೆ ಬೆಲ್ ತಾನಾಗಿ ಆಫ್ ಆಗಿ ಆನ್ ಆಗಿದೆ, ವಿಡಿಯೋ ಅರ್ಧಕ್ಕೆ ನಿಂತಿದೆ, ಬಂದು ನೋಡಿ ಎಂದಿತ್ತು. ನಾನು ಆಗ ಇಂದಿರಾನಗರದಲ್ಲಿ ಒಂದು ಹೊಸ ಅಪಾರ್ಟ್‌ಮೆಂಟಿನ ಕೆಲಸ ಹಿಡಿದಿದ್ದೆ. ಮನೆಮನೆಗೂ ಬೆಲ್, ಜೊತೆಗೆ ಲಾಬಿಯ ಕ್ಯಾಮೆರಾ. ವೈಫೈ ಸಮಸ್ಯೆ ಇರಬಹುದು, ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ಉತ್ತರಿಸಿದೆ. ಬುಧವಾರ ಅವರು ಹಗಲಲ್ಲಿ ಒತ್ತಿ ನೋಡಿ, ಈಗ ಸರಿ ಇದೆ ಎಂದು ಬರೆದರು.

ಗುರುವಾರ ಮಧ್ಯಾಹ್ನ ಮತ್ತೆ ಬರೆದರು. ಅರ್ಧಕ್ಕೆ ನಿಂತ ಆ ವಿಡಿಯೋವನ್ನು ಇವತ್ತೇ ದೊಡ್ಡದು ಮಾಡಿ ನೋಡಿದೆ ಎಂದು, ಈ ಸಲ ಅದನ್ನೂ ಕಳಿಸಿದ್ದರು. ರಸ್ತೆಯಾಚೆ ಹೊಂಗೆ ಮರದ ಕೆಳಗೆ ವಯಸ್ಸಾದವರೊಬ್ಬರು ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಸ್ವಲ್ಪ ಹೊತ್ತು ಮೇಲಿನ ಕಿಟಕಿಯ ಕಡೆ ನೋಡಿ, ಗೇಟಿನ ಕಡೆಗೆ ಎರಡು ಹೆಜ್ಜೆ ಇಡುತ್ತಾರೆ. ಅಷ್ಟಕ್ಕೇ ವಿಡಿಯೋ ನಿಂತುಹೋಗಿತ್ತು.

ಕೆಳಗೆ ಬರೆದಿದ್ದರು: "ಅಣ್ಣ, ಇವರು ನಮ್ಮಪ್ಪ. ನನ್ನ ಮದುವೆ ಆದ್ಮೇಲೆ ಒಂಬತ್ತು ವರ್ಷದಿಂದ ಮಾತಿಲ್ಲ. ಅವರು ಬೆಲ್ ಒತ್ತಿದ್ರಾ, ಇಲ್ಲ ಹಂಗೇ ವಾಪಸ್ ಹೋದ್ರಾ? ನಂಗೆ ಅದು ಗೊತ್ತಾಗ್ಬೇಕು."

ನಾನು ಏಣಿಯ ಮೇಲಿದ್ದೆ. ಇಳಿದು, ಗೋಡೆಗೆ ಒರಗಿ ಆ್ಯಪ್ ತೆಗೆದೆ. ಬೆಲ್ ಯಾವಾಗ ಯಾವಾಗ ಒತ್ತಲಾಗಿದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಸೋಮವಾರ ಸಂಜೆ ಯಾರೋ ಓಡಾಡಿದ್ದು ಮಾತ್ರ ದಾಖಲಾಗಿತ್ತು, ಒತ್ತಿದ್ದು ದಾಖಲಾಗಿರಲಿಲ್ಲ. ಬೆಲ್ಲೇ ಅರ್ಧದಲ್ಲಿ ಸತ್ತಿದ್ದರೆ ಒತ್ತಿದ್ದನ್ನು ದಾಖಲಿಸುವುದಾದರೂ ಹೇಗೆ ಎಂಬ ಯೋಚನೆ ನನ್ನ ಕಸುಬಿನವನಿಗೆ ತಕ್ಷಣ ಬರಬೇಕಿತ್ತು. ಬರಲಿಲ್ಲ. ಮೇಲಿನ ಮಹಡಿಯಿಂದ ಸೈಟ್ ಮೇಸ್ತ್ರಿ ಕೂಗುತ್ತಿದ್ದರು. ನಾನು ಬರೆದೆ: "ಒತ್ತಿಲ್ಲ ಮೇಡಂ. ರೆಕಾರ್ಡ್ ಇಲ್ಲ. ಭಾನುವಾರ ಬಂದು ನೋಡ್ತೀನಿ."

ಸರಿ ಅಣ್ಣ ಎಂದು ಉತ್ತರ ಬಂತು. ಫೋನ್ ಜೇಬಿಗೆ ಹಾಕಿ ಏಣಿ ಹತ್ತಿದೆ.

ಭಾನುವಾರ ಹೋದಾಗ ಮಧ್ಯಾಹ್ನ ಮೂರಾಗಿತ್ತು. ಗಂಡನೂ ಮನೆಯಲ್ಲಿದ್ದರು. ಹತ್ತಾರು ಸಲ ಒತ್ತಿದೆ, ಹತ್ತಾರು ಸಲವೂ ಬಲ್ಬು ಮಿನುಗಿತು. ಎಲ್ಲ ಸರಿಯಾಗಿದೆ ಎಂದು ಫೋನಿನಲ್ಲಿ ಬರೆದು ತೋರಿಸಿ, ಟೂಲ್ ಬ್ಯಾಗ್ ಮುಚ್ಚಿದೆ. ಆಕೆ ಒಪ್ಪಲಿಲ್ಲ. ಸಂಜೆಯೇ ಕೆಡುವುದು, ಸಂಜೆಯವರೆಗೆ ಇರಿ ಎಂದು ಬರೆದರು. ನನಗೆ ಇರುವ ಮನಸ್ಸಿರಲಿಲ್ಲ. ಗಂಡ ಎದ್ದು ಹೋಗಿ ಒಂದು ಲೋಟ ಕಾಫಿ ತಂದು ನನ್ನ ಮುಂದಿಟ್ಟು, ಕುರ್ಚಿ ಎಳೆದರು. ಅವರ ಮುಖ ನೋಡಿ ಕುಳಿತೆ.

ಕಾಯುತ್ತಿದ್ದ ಆ ಹೊತ್ತಿನಲ್ಲಿ ಆಕೆ ತಮ್ಮ ಮನೆಯ ವಿಷಯ ಸ್ವಲ್ಪ ಬರೆದು ತೋರಿಸಿದರು. ತವರು ಕೆ.ಆರ್. ಪುರದ ಹಿಂದಿನ ಒಂದು ಹಳೆಯ ಊರು. ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಕಿವಿ ಕೇಳಿಸದವರ ಶಾಲೆಯಲ್ಲಿ ಪರಿಚಯವಾದ ಹುಡುಗನನ್ನು, ಹಲಸೂರಿನ ತಮಿಳು ಮನೆತನದವನನ್ನು, ಮದುವೆಯಾದರು. ಇನ್ನು ಈ ಹೊಸಿಲು ತುಳಿಯಬೇಡ ಎಂದು ಅಪ್ಪ ಕೈಸನ್ನೆಯಲ್ಲೇ ಹೇಳಿದ್ದರಂತೆ. ಆ ಸನ್ನೆಯನ್ನು ಆಕೆ ನನಗೆ ಮಾಡಿ ತೋರಿಸಿದರು. ವಿಡಿಯೋ ನೋಡಿದ ದಿನ ಹೊರಟುಬಿಡಬೇಕು ಅನ್ನಿಸಿತ್ತು, ಆದರೆ ಅಪ್ಪನಿಗೇ ಮನಸ್ಸು ಬದಲಾಗಿ ಗೇಟಿನವರೆಗೆ ಬಂದು ತಿರುಗಿ ಹೋಗಿದ್ದಾರೆ ಅಂದ ಮೇಲೆ ನಾನು ಹೇಗೆ ಹೋಗಲಿ ಎಂದು ಬರೆದರು. ತಿರುಗಿ ಹೋಗಿದ್ದಾರೆ ಎಂದು ಅವರಿಗೆ ಹೇಳಿದವನು ನಾನು.

ಆರೂವರೆ ಕಳೆಯಿತು. ಬೀದಿದೀಪ ಇನ್ನೂ ಹತ್ತಿರಲಿಲ್ಲ. ನಾನು ಕೆಳಗೆ ಗೇಟಿನ ಹತ್ತಿರ ಬೆಲ್ಲಿನ ಮುಂಭಾಗ ಬಿಚ್ಚಿ, ಮೀಟರಿನ ಎರಡು ತುದಿ ಹಚ್ಚಿಕೊಂಡು ನಿಂತಿದ್ದೆ. ಸುತ್ತಲೂ ಎಲ್ಲರ ಮನೆಯ ದೀಪ ಹತ್ತುತ್ತಿದ್ದಂತೆ ವೋಲ್ಟೇಜ್ ಒಂದಿಷ್ಟು ಇಳಿಯಿತು. ಬೆಳಕು ಸಾಲದಾದಾಗ ಬೆಲ್ಲಿನೊಳಗೆ ಟಿಕ್ ಎಂದು ಸಣ್ಣ ಸದ್ದಾಯಿತು. ಕತ್ತಲಲ್ಲಿ ನೋಡಲಿಕ್ಕೆಂದು ಕ್ಯಾಮೆರಾ ಮನುಷ್ಯರ ಕಣ್ಣಿಗೆ ಕಾಣದ ತನ್ನ ದೀಪವನ್ನು ಹೊತ್ತಿಸಿಕೊಂಡಿತ್ತು. ಮೀಟರ್ ಹದಿನಾಲ್ಕಕ್ಕೆ ಇಳಿಯಿತು. ಗುಂಡಿ ಒತ್ತಿದೆ. ಹನ್ನೆರಡು, ಹನ್ನೊಂದು, ಬೆಲ್ ಸತ್ತಿತು. ಮತ್ತೆ ಒತ್ತಿದೆ, ಏನೂ ಇಲ್ಲ. ಇನ್ನೊಂದು ಸಲ. ಒಂದೂವರೆ ನಿಮಿಷದ ನಂತರ ಅದು ತಾನಾಗಿ ಎದ್ದು, ಏನೂ ಆಗಿಲ್ಲವೆಂಬಂತೆ ನೀಲಿ ದೀಪ ತೋರಿಸಿತು. ಆ್ಯಪ್ ತೆಗೆದು ನೋಡಿದೆ. ನಾನೇ ನನ್ನ ಬೆರಳಿನಿಂದ ಮೂರು ಸಲ ಒತ್ತಿದ್ದೆ. ಪಟ್ಟಿಯಲ್ಲಿ ಒಂದೂ ಇರಲಿಲ್ಲ, ವಿಡಿಯೋ ಕೂಡ ಒತ್ತುವ ಮುಂಚಿನದಕ್ಕೇ ಕಡಿದುಹೋಗಿತ್ತು.

ಮೀಟರಿನ ತುದಿಗಳನ್ನು ತೆಗೆದು ಬ್ಯಾಗಿಗೆ ಹಾಕಿದೆ. ಒಂದು ಯೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಬ್ಯಾಗಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇತ್ತು. ಅದನ್ನು ಹಾಕಿ, ವೈರ್ ಲೂಸ್ ಇತ್ತು ಈಗ ಸರಿಹೋಯಿತು ಎಂದು ಹೇಳಿ ಹೋಗಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಲೆಯೆತ್ತಿದರೆ ಆಕೆ ಮೇಲಿನ ಕಿಟಕಿಯಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಒತ್ತಿದ್ದು ಅವರಿಗೆ ಕಂಡಿತ್ತು. ಅವರ ಹಿಂದಿನ ಬಲ್ಬು ಮಿನುಗಿರಲಿಲ್ಲ.

ಮೇಲೆ ಹೋಗಿ ಫೋನಿನಲ್ಲಿ ಬರೆದೆ: "ಕತ್ತಲಾದ್ಮೇಲೆ ಒತ್ತಿದ್ರೆ ಬೆಲ್ ಸಾಯ್ತಿದೆ. ಒತ್ತಿದ್ದು ರೆಕಾರ್ಡೂ ಆಗಲ್ಲ. ನಿಮ್ಮಪ್ಪ ಒತ್ತಿರ್ತಾರೆ. ಒತ್ತಿಲ್ಲ ಅಂತ ನಾನು ಹೇಳಿದ್ದು ತಪ್ಪು. ವೈರ್ ಸಾಲ್ದು ಅಂತ ಹಾಕೋವಾಗ್ಲೇ ಗೊತ್ತಿತ್ತು."

ಆಕೆ ಅದನ್ನು ಓದಿದರು, ಗಂಡನಿಗೆ ತೋರಿಸಿದರು. ಬೈಯಲಿಲ್ಲ. ಇಬ್ಬರ ಕೈಗಳೂ ಬೇಗಬೇಗ ಆಡಿದವು. ನಂತರ ಆಕೆ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ನೀವೂ ಬನ್ನಿ, ಅಪ್ಪನಿಗೆ ಓದಲು ಸರಿಯಾಗಿ ಬರುವುದಿಲ್ಲ, ನೀವು ಬಾಯಲ್ಲಿ ಹೇಳಬೇಕು ಎಂದು ಬರೆದು ತೋರಿಸಿದರು. ಅವರಿಬ್ಬರೂ ಆಟೋದಲ್ಲಿ, ನಾನು ಹಿಂದೆ ಸ್ಕೂಟರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ವೋಲ್ಟೇಜ್, ವೈರು ಎಂದರೆ ಅವರಿಗೆ ಅರ್ಥವಾಗುತ್ತದೋ ಇಲ್ಲವೋ ಎನ್ನುವುದೇ ಆಗ ನನ್ನ ದೊಡ್ಡ ಚಿಂತೆಯಾಗಿತ್ತು.

ಮನೆ ಮುಂದೆ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಬಾಗಿಲು ತೆರೆದಿತ್ತು. ಒಳಗೆ ಗೋಡೆಗೆ ಒರಗಿಸಿದ ಒಂದು ಫೋಟೋ, ಹಾರ, ಮುಂದೆ ಎಣ್ಣೆಯ ದೀಪ. ಆಟೋ ಇಳಿದ ಆಕೆ ರಸ್ತೆಯಿಂದಲೇ ಅದನ್ನು ನೋಡಿದರು. ಅವರ ಗಂಟಲಿನಿಂದ ಬಂದ ಸದ್ದಿಗೆ ಒಳಗಿದ್ದವರೆಲ್ಲ ಹೊರಗೆ ಬಂದರು.

ತಾಯಿ ತೀರಿಕೊಂಡಿದ್ದು ಶುಕ್ರವಾರ ಮಧ್ಯಾಹ್ನ. ಆ ಭಾನುವಾರ ಬೆಳಿಗ್ಗೆಯೇ ಹಾಲು ತುಪ್ಪ ಬಿಟ್ಟು ಬಂದಿದ್ದರು. ಇದನ್ನೆಲ್ಲ ಹೇಳಿದ್ದು ಅಕ್ಕಪಕ್ಕದ ಹೆಂಗಸರು, ಅದೂ ನನಗೆ. ಆಕೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಅವರು ಹೊಸಿಲ ಹೊರಗೇ ಕುಸಿದು ಕುಳಿತಿದ್ದರು, ಗಂಡ ಹೆಗಲು ಹಿಡಿದುಕೊಂಡಿದ್ದರು. ತಂದೆ ಜಗಲಿಯ ಕಂಬಕ್ಕೆ ಒರಗಿ ಕುಳಿತವರು ಏಳಲಿಲ್ಲ. ವಿಡಿಯೋದಲ್ಲಿ ನೋಡಿದ್ದಕ್ಕಿಂತ ಸಣ್ಣಗಾಗಿದ್ದರು.

ನಾನು ಅವರ ಮುಂದೆ ಹೋಗಿ ಕೆಳಗೆ ಕೂತೆ. ಯಾರು ಏನು ಎಂದು ಹೇಳಿಕೊಂಡು, ಸೋಮವಾರ ನೀವು ಮಗಳ ಮನೆಯ ಗೇಟಿನಲ್ಲಿ ಬೆಲ್ ಒತ್ತಿದಿರಾ ಎಂದು ಕೇಳಿದೆ.

ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ನಂತರ ನಿಧಾನವಾಗಿ ಹೇಳಿದರು: "ಮೂರು ಸಲ ಒತ್ತ್ದೆ. ಮೇಲೆ ಕಿಟ್ಕೀಲಿ ಅವಳ ನೆರಳು ಓಡಾಡ್ತಿತ್ತು. ಕೆಳಗ್ಲವ್ರು ಮನೇಲಿರ್ಲಿಲ್ಲ, ಇಲ್ದಿದ್ರೆ ಅವರನ್ನ ಕೇಳ್ತಿದ್ದೆ."

"ಬೆಲ್ ಕೆಟ್ಟಿತ್ತು ಯಜಮಾನ್ರೇ. ನೀವ್ ಒತ್ತಿದ್ದು ಅವರಿಗೆ ಗೊತ್ತೇ ಆಗ್ಲಿಲ್ಲ. ತಪ್ಪು ನಂದು, ನಾನೇ ಹಾಕಿದ್ದು."

"ಕ್ಯಾಮೆರಾ ಇರೋ ಬೆಲ್ಲಲ್ವಾ," ಅವರು ನನ್ನ ಮುಖ ನೋಡಿದರು. "ನನ್ನ ಮುಖ ನೋಡೇ ಬಾಗಿಲು ತೆಗೀಲಿಲ್ಲ ಅಂದ್ಕೊಂಡೆ. ಅವರಮ್ಮ ಮಗಳನ್ನ ನೋಡ್ಬೇಕು ಅಂತ ಒಂದೇ ಹಠ. ಫೋನ್ ಮಾಡಿದ್ರೆ ಅವಳಿಗೆ ಕೇಳ್ಸಲ್ಲ, ಮೆಸೇಜು ಗಿಸೇಜು ನಂಗ್ ಬರಲ್ಲ. ಬೇರೆಯವ್ರ ಕೈಲಿ ಹೇಳ್ಸೋಕೆ ಮನಸ್ಸಾಗ್ಲಿಲ್ಲ, ನಾನೇ ಹೋದೆ. ವಾಪಸ್ ಬಂದು, ಅವಳು ಬರಲ್ವಂತೆ ಕಣೇ ಅಂದೆ."

"ಅದಕ್ಕೆ ಅಮ್ಮ ಏನಂದ್ರು?" ಕೇಳಬಾರದಿತ್ತು, ಕೇಳಿಬಿಟ್ಟೆ.

"ಏನೂ ಅನ್ನಲಿಲ್ಲ. ಆ ಕಡೆ ತಿರುಗಿ ಮಲಗಿದ್ಲು."

ಮಗಳ ಮನೆಯಿಂದ ಇಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ಗುರುವಾರ ಆ ಮೆಸೇಜ್ ಬಂದ ಮೇಲೆ ಸಂಜೆ ಕೆಲಸ ಮುಗಿಸಿ ಲಿಂಗರಾಜಪುರಕ್ಕೆ ಹೋಗಿದ್ದರೆ, ಅಥವಾ ಗೊತ್ತಿಲ್ಲ ಮೇಡಂ ಎಂದಷ್ಟೇ ಬರೆದಿದ್ದರೂ, ಆಕೆ ಅವತ್ತೇ ಹೊರಟಿರುತ್ತಿದ್ದರು. ತಾಯಿ ಇನ್ನೂ ಇದ್ದರು.

ತಂದೆಯ ತುಟಿ ಆಡಿದ್ದನ್ನು ಆಕೆ ದೂರದಿಂದ ನೋಡುತ್ತಿದ್ದರು. ಎಷ್ಟು ತಿಳಿಯಿತೋ ಏನೋ, ಎದ್ದು ಬಂದು ತಮ್ಮ ಫೋನನ್ನು ನನ್ನ ಕೈಗಿಟ್ಟರು. ಅಪ್ಪ ಹೇಳಿದ್ದನ್ನು ಬರೆಯಿರಿ ಎಂದು ಬೆರಳಿನಲ್ಲಿ ತೋರಿಸಿದರು. ಖಾಲಿ ಪರದೆ ನನ್ನ ಮುಂದಿತ್ತು. ಸುಳ್ಳು ಬರೆಯಲಾರೆ, ನಿಜ ಬರೆಯಲು ಬೆರಳು ಏಳುತ್ತಿಲ್ಲ. ಕೊನೆಗೆ ತಂದೆಗೆ ಹೇಳಿದೆ, ನೀವೇ ಹೇಳಿ ಯಜಮಾನ್ರೇ, ಇದು ನಾನು ಹೇಳೋ ಮಾತಲ್ಲ.

ಅವರು ಕಂಬ ಹಿಡಿದು ಎದ್ದರು. ಮಗಳಿಗೆ ಚಿಕ್ಕಂದಿನಲ್ಲಿ ಮನೆಯವರೇ ಮಾಡಿಕೊಂಡಿದ್ದ ಸನ್ನೆಗಳಿದ್ದವೇನೋ, ಒಂಬತ್ತು ವರ್ಷದ ನಂತರ ಅವು ತಡವರಿಸುತ್ತ ಬಂದವು. ಮೂಗಿನ ಪಕ್ಕ ಬೆರಳಿಟ್ಟರು. ಅದು ಮೂಗುತಿ, ಅಂದರೆ ಅಮ್ಮ ಇರಬೇಕು. ನಂತರ ತಮ್ಮ ಎದೆ ಮುಟ್ಟಿಕೊಂಡರು, ಬರಲ್ಲ ಎಂಬಂತೆ ಅಂಗೈ ಮಗುಚಿದರು, ಆಮೇಲೆ ಕೆನ್ನೆಗೆ ಕೈಯಿಟ್ಟು ತಲೆಯನ್ನು ಇನ್ನೊಂದು ಕಡೆ ತಿರುಗಿಸಿದರು. ಆಕೆ ಕಣ್ಣು ಮಿಟುಕಿಸದೆ ನೋಡಿದರು. ನಾನು ಎದ್ದು ರಸ್ತೆಗೆ ಬಂದು ಸ್ಕೂಟರಿನ ಹತ್ತಿರ ನಿಂತೆ. ತಿರುಗಿ ನೋಡಿದಾಗ ಆಕೆ ಒಳಗೆ ಫೋಟೋದ ಮುಂದೆ ಕುಳಿತಿದ್ದರು. ಗಂಡ ಹೊರಗೆ ಚಪ್ಪಲಿಗಳ ಪಕ್ಕ ನಿಂತಿದ್ದರು. ಅವರನ್ನು ಯಾರೂ ಒಳಗೆ ಕರೆದಿರಲಿಲ್ಲ.

ಮರುದಿನ ಅಪಾರ್ಟ್‌ಮೆಂಟಿನ ಕೆಲಸ ಬಿಟ್ಟು ಲಿಂಗರಾಜಪುರಕ್ಕೆ ಹೋದೆ. ಓನರಿಗೆ ಸಮಾಧಾನ ಹೇಳಿ, ಕಾಂಪೌಂಡಿನ ಬುಡದಲ್ಲಿ ಪೈಪ್ ಹಾಕಿ, ದಪ್ಪ ಕೇಬಲ್ ಎಳೆದೆ, ಟ್ರಾನ್ಸ್‌ಫಾರ್ಮರ್ ಬದಲಿಸಿದೆ. ಅರ್ಧ ದಿನ ಎಂದುಕೊಂಡಿದ್ದ ಕೆಲಸ ಮೂರು ಗಂಟೆಯೂ ಹಿಡಿಯಲಿಲ್ಲ. ಆದರೂ ಕತ್ತಲಾಗುವವರೆಗೆ ಗೇಟಿನಲ್ಲೇ ಇದ್ದೆ, ಒತ್ತಿ ನೋಡಿ ಬಂದೆ. ಆಕೆ ತವರಿನಿಂದ ಇನ್ನೂ ಬಂದಿರಲಿಲ್ಲ. ಗಂಡ ಮೇಲಿನಿಂದ ಕೈ ಎತ್ತಿ ಬಂತು ಎಂದು ತೋರಿಸಿದರು.

ಹನ್ನೊಂದನೇ ದಿನ ಕಳೆದ ಮೇಲೆ ಆಕೆ ಒಂದು ಮೆಸೇಜ್ ಕಳಿಸಿದರು. ಅಪ್ಪ ಎಲ್ಲವನ್ನೂ ಹೇಳಿದರು, ನೀವು ಬಂದು ನಿಜ ಹೇಳಿದ್ದರಿಂದ ಅಪ್ಪನಾದರೂ ನನ್ನನ್ನು ನಂಬಿದರು ಎಂದಿತ್ತು. ಅದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಆಕೆ ದೊಡ್ಡ ಮನಸ್ಸಿನಿಂದ ಬರೆದದ್ದು. ಆದರೆ ನಂಬಬೇಕಾಗಿದ್ದ ಇನ್ನೊಬ್ಬರು ಆ ಕಡೆ ತಿರುಗಿಯೇ ಹೋದರು.

ಇದಾಗಿ ಎರಡು ತಿಂಗಳಿರಬೇಕು. ಕೆ.ಆರ್. ಪುರದ ಕಡೆ ಒಂದು ಅಂಗಡಿಗೆ ಕ್ಯಾಮೆರಾ ಹಾಕಲು ಹೋದವನು ಪಕ್ಕದಲ್ಲಿ ಟೀ ಕುಡಿಯುತ್ತಿದ್ದೆ. ಬೆಂಚಿನಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರು ಆಕೆಯ ತವರೂರಿನವರೇ, ಆ ಮನೆಗೆ ದೂರದ ನೆಂಟರೂ ಹೌದು ಎಂದು ಆಮೇಲೆ ತಿಳಿಯಿತು. ನನ್ನ ಬ್ಯಾಗಿನಲ್ಲಿದ್ದ ಬೆಲ್ಲಿನ ಡಬ್ಬಿ ನೋಡಿ ತಾವಾಗಿಯೇ ಮಾತು ತೆಗೆದರು. ಇಂಥ ಬೆಲ್ಲು ಬಂದ ಮೇಲೆ ಜನ ಕೆಟ್ಟರು, ನಮ್ಮೂರಲ್ಲೊಬ್ಬಳು, ಹೆತ್ತ ತಾಯಿ ಸಾಯುವಾಗ ಅಪ್ಪನೇ ಹೋಗಿ ಕರೆದರೂ ಕ್ಯಾಮೆರಾದಲ್ಲಿ ಮುಖ ನೋಡಿ ಬಾಗಿಲು ತೆಗೆಯಲಿಲ್ಲ, ಎಲ್ಲ ಮುಗಿದ ಮೇಲೆ ಬಂದು ಅತ್ತಳು ಎಂದರು.

ನಾನು ಲೋಟ ಕೆಳಗಿಟ್ಟೆ. ಅದು ಹಾಗಲ್ಲ, ಬೆಲ್ ಕೆಟ್ಟಿತ್ತು, ಹಾಕಿದವನು ನಾನೇ ಎಂದು ಇದ್ದದ್ದನ್ನು ಹೇಳಿದೆ. ಹಳೆಯ ವೈರು, ಕತ್ತಲಾದಾಗ ಇಳಿಯುವ ವೋಲ್ಟೇಜು, ಒತ್ತಿದರೂ ದಾಖಲಾಗದ್ದು, ನಾನು ಬರೆದ ತಪ್ಪು ಉತ್ತರ, ಒಂದನ್ನೂ ಬಿಡಲಿಲ್ಲ. ಅವರು ತಲೆದೂಗುತ್ತ ಕೇಳಿದರು. ನಂತರ ಪಕ್ಕದವರ ಕಡೆ ತಿರುಗಿ, ಸಣ್ಣಗೆ ನಕ್ಕು, "ಬೆಲ್ ಕೆಟ್ಟಿತ್ತಂತೆ," ಎಂದರು.

ಪಕ್ಕದವರೂ ನಕ್ಕರು. ನಾನು ಬೆಂಚಿನ ಮೇಲೆ ಅವರ ಕಡೆಗೆ ಸ್ವಲ್ಪ ಸರಿದು ಕುಳಿತು, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದೆ.